ಹಾಲಿನ ಲೆಕ್ಕದ ಪಕ್ಕ ಇಟ್ಟ ಚುಕ್ಕೆ: ಬರೆದು ಹಗುರಾದವರೂ ಹೇಳಿ, ಬರೆದು ಭಾರವಾದವರೂ ಹೇಳಿ

ಹಾಲಿನಲೆಕ್ಕ (ಶಿರಸಿ) · ಭಾನುವಾರ, ಬೆಳಿಗ್ಗೆ 5:50

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದುತ್ತಾ ಇದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ನನ್ನ ಮದುವೆ ಹನ್ನೊಂದು ವರ್ಷ ನಡೆಯಿತು. ಶಿರಸಿಯಿಂದ ಒಳಗೆ, ತೋಟದ ಮನೆ. ಅಲ್ಲಿ ಏನೇನಾಯ್ತು ಅಂತ ಪೂರ್ತಿ ಹೇಳುವುದಿಲ್ಲ. ಇಲ್ಲಿರುವವರಿಗೆ ಅರ್ಧ ಹೇಳಿದರೆ ಉಳಿದರ್ಧ ತಿಳಿಯುತ್ತದೆ. ಆ ಮನೆಯಲ್ಲಿ ನನ್ನದು ಅಂತ ಒಂದು ಪೆಟ್ಟಿಗೆ ಇರಲಿಲ್ಲ. ಟ್ರಂಕಿನ ಕೀಲಿ ಅತ್ತೆಯ ಸೊಂಟದಲ್ಲಿ, ನನ್ನ ಫೋನು ಗಂಡನ ಜೇಬಿನಲ್ಲಿ. ಡೈರಿ ಬರೆಯುವ ಮಾತೇ ಇಲ್ಲ. ಆದರೆ ಅಡುಗೆಮನೆ ಬಾಗಿಲ ಪಕ್ಕ ಒಂದು ಕ್ಯಾಲೆಂಡರ್ ನೇತಾಡುತ್ತಿತ್ತು, ಡೇರಿಗೆ ಹಾಕಿದ ಹಾಲಿನ ಲೆಕ್ಕಕ್ಕೆ. ಆ ಲೆಕ್ಕ ನನ್ನ ಕೆಲಸ. ಬೆಳಿಗ್ಗೆ ಮೂರೂವರೆ ಲೀಟರ್, ಸಂಜೆ ಎರಡು ಅಂತ ತಾರೀಕಿನ ಕೆಳಗೆ ಬರೆಯುತ್ತಿದ್ದೆ. ಒಂದು ಸಂಜೆ ಆ ಎರಡರ ಪಕ್ಕ ಒಂದು ಚುಕ್ಕೆ ಇಟ್ಟೆ. ಯಾಕೆ ಇಟ್ಟೆ ಅಂತ ಆಗ ನನಗೂ ಗೊತ್ತಿರಲಿಲ್ಲ. ಆಮೇಲೆ ಅದೇ ರೂಢಿಯಾಯ್ತು. ಬಾಯಿಗೆ ಬಂದಂತೆ ಬೈದ ದಿನ ಚುಕ್ಕೆ. ಕೈ ಮಾಡಿದ ದಿನ ಸಣ್ಣ ಗೆರೆ. ರಾತ್ರಿ ಹೊರಗೆ ದಬ್ಬಿ ಚಿಲಕ ಹಾಕಿದ ದಿನ ಸೊನ್ನೆ. ದಿನಕ್ಕೆ ಹತ್ತು ಸಲ ಎಲ್ಲರೂ ಅದರ ಮುಂದೆ ಓಡಾಡುತ್ತಿದ್ದರು. ಯಾರ ಕಣ್ಣಿಗೂ ಬೀಳಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾಗುವಾಗ ಹಿಂದಿನ ವರ್ಷದ ಕ್ಯಾಲೆಂಡರ್ ಹಾಳೆಗಳಿಂದ ಮಗನ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದೆ. ಅಂಕಿ ಇರುವ ಬದಿ ಒಳಗೆ, ರಾಶಿಫಲದ ಬದಿ ಹೊರಗೆ. ಮನೆ ಬಿಟ್ಟ ದಿನ ನಾನು ಹಿಡಿದುಕೊಂಡದ್ದು ಮಗನ ಕೈ ಮತ್ತು ಅವನ ಶಾಲೆ ಚೀಲ, ಅಷ್ಟೇ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು, ಗಣಿತ, ವಿಜ್ಞಾನ, ಸಮಾಜದ ಜೊತೆ ನನ್ನ ಒಂದು ವರ್ಷವೂ ಆ ಚೀಲದಲ್ಲಿದೆ ಅಂತ.

ಈಗ ಶಿರಸಿ ಪೇಟೆಯಲ್ಲಿ ಬಾಡಿಗೆ ಕೋಣೆ, ಹೊಲಿಗೆ ಕೆಲಸ. ಹದಿನಾಲ್ಕು ತಿಂಗಳಿಂದ ಬರೆಯುತ್ತಿದ್ದೇನೆ. ಶುರುವಿನಲ್ಲಿ ರಾತ್ರಿ ಬರೆಯುತ್ತಿದ್ದೆ, ಒಮ್ಮೊಮ್ಮೆ ಒಂದು ಗಂಟೆಯ ತನಕ. ನಿದ್ದೆ ಹೋಯ್ತು, ಬೆಳಿಗ್ಗೆ ಎದ್ದರೆ ಮಗನ ಮೇಲೆ ಕೂಗಾಟ. ಒಂದು ದಿನ ಅವನು, “ಆಯಿ, ಆ ಪುಸ್ತಕ ಬರೀಬೇಡ” ಅಂದ. ಎರಡು ತಿಂಗಳು ಬಿಟ್ಟೇ ಬಿಟ್ಟೆ. ಮತ್ತೆ ಹಿಡಿದದ್ದು ಬೇರೆ ಕ್ರಮದಲ್ಲಿ. ಬೆಳಿಗ್ಗೆ ಐದಕ್ಕೆ, ಮೊಬೈಲಿನಲ್ಲಿ ಹದಿನೈದು ನಿಮಿಷದ ಗಂಟೆ ಇಟ್ಟು. ಗಂಟೆ ಹೊಡೆದರೆ ವಾಕ್ಯ ಅರ್ಧದಲ್ಲಿದ್ದರೂ ಪೆನ್ನು ಮುಚ್ಚುತ್ತೇನೆ. ಮುಖ ತೊಳೆದು ದೋಸೆ ಹೊಯ್ಯುತ್ತೇನೆ. ಈ ಕ್ರಮ ನನಗೆ ಹಿಡಿಸಿದೆ.

ನನ್ನ ಪ್ರಶ್ನೆ ಆ ಮೊದಲಿನ ರಾತ್ರಿ ಪುಸ್ತಕದ್ದು. ಓದಲು ಧೈರ್ಯ ಇಲ್ಲ, ಎಸೆಯಲು ಮನಸ್ಸಿಲ್ಲ. ಈ ಮಳೆಗೆ ಅದರ ರಟ್ಟಿಗೆ ಬೂಷ್ಟು ಬಂದಿದೆ. ಬಚ್ಚಲ ಒಲೆಗೆ ಹಾಕಿಬಿಡಲಾ? ನೀವು ಏನು ಮಾಡಿದಿರಿ?

ನಿರ್ವಾಹಕಿ · 6:30

ಅಕ್ಕ, ಬರೆದದ್ದಕ್ಕೆ ತುಂಬಾ ಉಪಕಾರ. ಓದುತ್ತಿರುವ ಎಲ್ಲರಿಗೂ: ಈಗಲೇ ಅಪಾಯದಲ್ಲಿದ್ದರೆ 112. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಮನಸ್ಸು ತಡೆಯದಾದಾಗ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ, ರಾತ್ರಿಯೂ ಇರುತ್ತಾರೆ. ಊರು, ಮನೆತನ, ಶಾಲೆಯ ಹೆಸರು ಬರೆಯಬೇಡಿ. ನಮ್ಮ ಜಿಲ್ಲೆಯಲ್ಲಿ ಎರಡು ಸುಳಿವು ಸಿಕ್ಕರೆ ಮೂರನೆಯವರಿಗೆ ಮನೆ ಗುರುತು ಸಿಕ್ಕಿಬಿಡುತ್ತದೆ.

ಕಾಳಿತೀರ (ಕಾರವಾರ) · 8:15

ನಾನು ವಕೀಲಿ ವೃತ್ತಿಯಲ್ಲಿರುವವಳು. ಮೊದಲು ಒಂದೇ ಮಾತು: ಕೇಸು ನಡೆಯುತ್ತಿದ್ದರೆ, ಅಥವಾ ಹಾಕುವ ಯೋಚನೆ ಇದ್ದರೆ, ಯಾವ ಕಾಗದವನ್ನೂ ಸುಡಬೇಡಿ. ಕೇಸು ಇದೆಯಾ?

ಹಾಲಿನಲೆಕ್ಕ (ಶಿರಸಿ) · 8:40

ಹಾಕಬೇಕು ಅಂತ ಇದ್ದೇನೆ ಅಕ್ಕ. ಒಬ್ಬರ ಹತ್ತಿರ ಹೋಗಿದ್ದೆ. “ದಿನಾಂಕ ಹೇಳಿ, ದಿನಾಂಕ ಇಲ್ಲದೆ ಏನು ಬರೆಯಲಿ” ಅಂದರು. ನನಗೆ ಬಾಯಿ ಕಟ್ಟಿತು. ಕ್ಯಾಲೆಂಡರ್ ವಿಷಯ ಹೇಳಲು ನಾಚಿಕೆಯಾಯ್ತು.

ಕಾಳಿತೀರ (ಕಾರವಾರ) · 9:20

ನಾಚಿಕೆ ಪಡುವಂಥದ್ದು ಅದರಲ್ಲಿ ಏನೂ ಇಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್ 26ರಿಂದ. ಅದರಡಿ ಸಂರಕ್ಷಣಾಧಿಕಾರಿ ತುಂಬುವ ಘಟನಾ ವರದಿಯ ನಮೂನೆಯಲ್ಲಿ ದಿನಾಂಕ, ಸ್ಥಳ, ಸಮಯ, ಮಾಡಿದವರು ಯಾರು ಅಂತ ಅಂಕಣಗಳೇ ಇವೆ. ಹೊಡೆತಕ್ಕೆ ಮಾತ್ರ ಅಲ್ಲ, ಬೈಗುಳಕ್ಕೆ, ದುಡ್ಡು ಕೊಡದೆ ಸತಾಯಿಸಿದ್ದಕ್ಕೂ ಅಂಕಣ ಇದೆ. ನಿಮ್ಮ ಚುಕ್ಕೆ, ಗೆರೆ, ಸೊನ್ನೆ ಅಲ್ಲಿಗೆ ಬೇಕಾದದ್ದೇ. ನಮ್ಮಲ್ಲಿ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಸಂರಕ್ಷಣಾಧಿಕಾರಿ. ವಕೀಲರ ಶುಲ್ಕದ ಚಿಂತೆ ಇದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಈಗ ಮುಖ್ಯ ವಿಷಯ. ಸಾಕ್ಷಿ ಹೇಳುವವರು ಘಟನೆ ನಡೆದಾಗಲೇ ಅಥವಾ ಬೇಗನೆ ತಾವೇ ಬರೆದಿಟ್ಟ ಟಿಪ್ಪಣಿ ನೋಡಿ ನೆನಪು ತಾಜಾ ಮಾಡಿಕೊಳ್ಳಬಹುದು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಈ ನಿಯಮ ಇತ್ತು, 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲೂ ಇದೆ. ಆದರೆ ಅದರ ಬೆನ್ನಿಗೇ ಇನ್ನೊಂದು ನಿಯಮ: ನೀವು ನೋಡಿದ ಆ ಬರಹವನ್ನು ಎದುರು ಪಕ್ಷದವರೂ ನೋಡಲು ಕೇಳಬಹುದು, ಅದರ ಮೇಲೆ ಪ್ರಶ್ನೆ ಹಾಕಬಹುದು. ಹಾಗಾಗಿ ನನ್ನ ಹತ್ತಿರ ಬರುವವರಿಗೆಲ್ಲ ಎರಡು ಪುಸ್ತಕ ಮಾಡಿ ಅನ್ನುತ್ತೇನೆ. ಒಂದರಲ್ಲಿ ತಾರೀಕು, ಹೊತ್ತು, ಏನಾಯ್ತು, ಯಾರಿದ್ದರು, ಯಾವ ಆಸ್ಪತ್ರೆಗೆ ಹೋದಿರಿ, ಇಷ್ಟೇ. ಇನ್ನೊಂದರಲ್ಲಿ ನಿಮ್ಮ ಅಳು, ಸಿಟ್ಟು, ಅವನು ಸಾಯಲಿ ಅಂದದ್ದು, ಮರುದಿನ ಅವನ ಮೇಲೆ ಮರುಕ ಬಂದದ್ದು, ಎಲ್ಲ. ಮನಸ್ಸಿನ ಪುಸ್ತಕದಲ್ಲಿ ಇವೆಲ್ಲ ಇರುತ್ತವೆ, ಇರಲೇಬೇಕು. ಅದು ಪಾಟೀಸವಾಲಿನ ಮೇಜಿಗೆ ಹೋಗಬಾರದು. ಎರಡನ್ನೂ ಬೆರೆಸಿದ್ದರೆ ನಿಮ್ಮ ವಕೀಲರಿಗೆ ಮೊದಲೇ ತಿಳಿಸಿ.

ಇನ್ನೊಂದು ಮಾತು. ಹಳೆಯ ಘಟನೆಯನ್ನು ಈಗ ಬರೆಯುವಾಗ ಹಳೆಯ ತಾರೀಕು ಹಾಕಬೇಡಿ. “ಇವತ್ತು ನೆನಪಾಯ್ತು” ಅಂತ ಇವತ್ತಿನ ತಾರೀಕು ಹಾಕಿ ಬರೆಯಿರಿ. ದಿನ ನೆನಪಾಗದಿದ್ದರೆ ಮಾರಿಕಾಂಬಾ ಜಾತ್ರೆಯ ಹಿಂದಿನ ವಾರ, ಗೌರಿ ಹಬ್ಬದ ಮರುದಿನ, ಅಡಿಕೆ ಕೊಯ್ಲಿನ ಆಳು ಬಂದ ದಿನ ಅಂತ ಬರೆದರೂ ಸಾಕು. ಮೊನ್ನೆ ಒಬ್ಬರು “ಕಾಳಿ ಸೇತುವೆ ಬಿದ್ದ ರಾತ್ರಿ” ಅಂದರು. ಅದು 2024ರ ಆಗಸ್ಟ್ 7. ಅಲ್ಲಿಂದ ಹಿಂದೆ ಮುಂದೆ ಎಣಿಸಿ ನಾಲ್ಕು ದಿನಾಂಕ ಸಿಕ್ಕಿದವು.

ಹೆಸರು ಬೇಡ (ಭಟ್ಕಳ) · 11:05

ನನ್ನ ಫೋನ್ ದಿನಾ ರಾತ್ರಿ ತೆಗೆದು ನೋಡ್ತಾರೆ. ಇದನ್ನೂ ಓದಿದ ಮೇಲೆ ಅಳಿಸಬೇಕು. ಮನೆಯಲ್ಲಿ ಪುಸ್ತಕ ಇಟ್ಟರೆ ಸಿಗುತ್ತದೆ. ನನ್ನಂಥವರು ಏನು ಮಾಡೋದು?

ಅಬ್ಬಲಿಗೆ (ಹೊನ್ನಾವರ) · 11:20

ತಂಗಿ, ನೀನು ಈಗ ಬರೆಯಬೇಡ. ಬರೆಯೋದು ಒಳ್ಳೆಯದು ಅಂತ ಎಲ್ಲರೂ ಹೇಳಿದರೂ ನಿನ್ನ ಜೀವಕ್ಕಿಂತ ಅದು ದೊಡ್ಡದಲ್ಲ. ಪುಸ್ತಕ ಅವರ ಕೈಗೆ ಸಿಕ್ಕಿ ಹೊಡೆತ ಜಾಸ್ತಿಯಾದ ಮನೆಗಳನ್ನು ನಾನು ನೋಡಿದ್ದೇನೆ. ನಂಬಿಕೆಯ ಒಬ್ಬರು ಇದ್ದಾರಾ? ಅಂಗನವಾಡಿ ಟೀಚರ್, ಆಶಾ, ತವರಿನ ಅತ್ತಿಗೆ? ಅವರಿಗೆ ಬಾಯಲ್ಲಿ ಹೇಳು, ಅವರು ತಮ್ಮ ಪುಸ್ತಕದಲ್ಲಿ ತಾರೀಕು ಹಾಕಿ ಬರೆದಿಟ್ಟುಕೊಳ್ಳಲಿ. ಫೋನಿನಲ್ಲಿ ಫೋಟೋ ತೆಗೆದು ಅಳಿಸಿದರೆ ಆಯ್ತು ಅಂದುಕೊಳ್ಳಬೇಡ, ಅಳಿಸಿದ್ದೂ ಕಸದ ಬುಟ್ಟಿಯಲ್ಲಿ ದಿನಗಟ್ಟಲೆ ಉಳಿಯುತ್ತದೆ. ಒಂದೇ ಖಾತೆ ಎರಡು ಫೋನಿನಲ್ಲಿದ್ದರೆ ಅವರ ಫೋನಿಗೂ ಹೋಗುತ್ತದೆ. ನಿರ್ವಾಹಕಿಯವರೇ, ಈ ತಂಗಿಗೆ ಒಳಪೆಟ್ಟಿಗೆಯಲ್ಲಿ ಬರೆಯಬೇಡಿ. ಅವಳೇ ಬಂದಾಗ ಬರಲಿ.

ಸಿದ್ದಾಪುರದ ಅಪ್ಪ · ಮಧ್ಯಾಹ್ನ 2:10

ನಾನು ಅರವತ್ತಾರು ವರ್ಷದವನು. ಮಗಳು ಗಂಡನ ಮನೆಯಿಂದ ಬಂದು ಐದು ತಿಂಗಳಾಯ್ತು. ರಾತ್ರಿ ಊಟ ಆದ ಮೇಲೆ ಕೋಣೆಯಲ್ಲಿ ಕೂತು ಬರೆಯುತ್ತಾಳೆ. ಬರೆಯುವಾಗ ಅಳುವುದು ನಮಗೆ ಕೇಳುತ್ತದೆ. ಅವಳ ಆಯಿ ಬಾಗಿಲ ಹೊರಗೆ ಕೂತಿರುತ್ತಾಳೆ. ನನಗೆ ತಿಳಿದಮಟ್ಟಿಗೆ ಹುಣ್ಣನ್ನು ಕೆದಕಬಾರದು, ಒಣಗಲು ಬಿಡಬೇಕು. ಆ ಪುಸ್ತಕವನ್ನು ತೆಗೆದು ಇಟ್ಟುಬಿಡಲೇ ಎಂದು ಅನಿಸುತ್ತದೆ. ತಪ್ಪಿದ್ದರೆ ಹೇಳಿ.

ಅಬ್ಬಲಿಗೆ (ಹೊನ್ನಾವರ) · 3:00

ಅಣ್ಣ, ಹುಣ್ಣಿನ ಮಾತು ಪೂರ್ತಿ ತಪ್ಪಲ್ಲ. ಒಳಗೆ ಕೀವು ಇದ್ದಾಗ ಮೇಲೆ ಒಣಗಿದರೆ ಏನಾಗುತ್ತದೆ ಅಂತಲೂ ನಿಮಗೆ ಗೊತ್ತು. ಹೊನ್ನಾವರ ಕಡೆ ನೊಂದ ಹೆಣ್ಣುಮಕ್ಕಳ ಜೊತೆ ಕೂತು ಮಾತಾಡುವುದೇ ನನ್ನ ಕೆಲಸ, ಅದಕ್ಕೆ ಸ್ವಲ್ಪ ಉದ್ದ ಹೇಳುತ್ತೇನೆ.

ಬರವಣಿಗೆಯ ಮೇಲೆ ಮೊದಲು ಕ್ರಮವಾಗಿ ಪರೀಕ್ಷೆ ಮಾಡಿದವರು ಅಮೆರಿಕದ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್. ಅವರ ಲೇಖನ ಬಂದದ್ದು 1986ರಲ್ಲಿ. ಕಾಲೇಜು ಹುಡುಗ ಹುಡುಗಿಯರನ್ನು ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ ಬರೆಯಲು ಕೂರಿಸಿದರು. ಕೆಲವರಿಗೆ ಸುಮ್ಮನೆ ಕೋಣೆ ಹೇಗಿದೆ ಎಂಬಂಥ ವಿಷಯ, ಉಳಿದವರಿಗೆ ತಮ್ಮ ಬದುಕಿನ ದೊಡ್ಡ ನೋವು. ನೋವಿನ ಬಗ್ಗೆ ಬರೆದವರು ಬರೆದ ಕೂಡಲೇ ಹೆಚ್ಚು ಕುಗ್ಗಿದರು, ಇದನ್ನು ನೆನಪಿಡಿ ಅಣ್ಣ. ಆದರೆ ಏನಾಯ್ತು ಎಂಬುದನ್ನೂ ಹೇಗನ್ನಿಸಿತು ಎಂಬುದನ್ನೂ ಸೇರಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ಡಾಕ್ಟರ ಹತ್ತಿರ ಹೋದದ್ದು ಕಡಿಮೆ. ನಿಮ್ಮ ಮಗಳ ಅಳು ಕೆಟ್ಟ ಲಕ್ಷಣ ಅಂತಲೇ ಅಲ್ಲ. ಅತ್ತಾದ ಮೇಲೆ ಏನು, ಅದನ್ನು ಗಮನಿಸಿ. ನಿದ್ದೆ ಮಾಡುತ್ತಾಳಾ, ಮರುದಿನ ಊಟ ಸೇರುತ್ತದಾ, ಯಾರ ಜೊತೆಯಾದರೂ ಮಾತಾಡುತ್ತಾಳಾ.

ಇದನ್ನು ಮದ್ದು ಅಂತ ಹೊಗಳುವವರನ್ನೂ ನಾನು ಒಪ್ಪುವುದಿಲ್ಲ. 2006ರಲ್ಲಿ ಜೊಆನ್ ಫ್ರಾಟರೋಲಿ ಇಂಥ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಪ್ರಯೋಜನ ಇದೆ, ಆದರೆ ಸಣ್ಣದು. ಪೆನ್ನೆಬೇಕರ್ ಅವರೇ, ಒಂದು ವಿಷಯ ಬರೆದರೆ ತಡೆಯಲಾರೆ ಅನ್ನಿಸಿದರೆ ಅದನ್ನು ಬರೆಯಬೇಡಿ ಅನ್ನುತ್ತಾರೆ. ದೊಡ್ಡ ಆಘಾತಕ್ಕೆ ಬರವಣಿಗೆಯನ್ನೇ ಚಿಕಿತ್ಸೆಯಾಗಿ ಬಳಸುವ ಕ್ರಮವೂ ಇದೆ. ಡೆನಿಸ್ ಸ್ಲೋನ್ ಮತ್ತು ಬ್ರಯಾನ್ ಮಾರ್ಕ್ಸ್ ರೂಪಿಸಿದ್ದು, ಐದೇ ಭೇಟಿ. 2018ರಲ್ಲಿ ಅದನ್ನು ಹನ್ನೆರಡು ಭೇಟಿಯ ಇನ್ನೊಂದು ಚಿಕಿತ್ಸೆಯ ಜೊತೆ ಹೋಲಿಸಿದಾಗ ಫಲ ಕಡಿಮೆಯಾಗಲಿಲ್ಲ, ನಡುವೆ ಬಿಟ್ಟುಹೋದವರು ಮಾತ್ರ ಬಹಳ ಕಡಿಮೆ. ಆದರೆ ಅಲ್ಲಿ ತರಬೇತಿ ಆದ ಚಿಕಿತ್ಸಕರು ಜೊತೆಗಿರುತ್ತಾರೆ, ಬರೆದದ್ದನ್ನು ಓದುತ್ತಾರೆ, ಬರೆದ ಮೇಲೆ ಕೂತು ಮಾತಾಡುತ್ತಾರೆ. ಕೋಣೆಯಲ್ಲಿ ಒಬ್ಬಳೇ ಕೂತು ಮಧ್ಯರಾತ್ರಿ ಬರೆಯುವುದು ಅದಲ್ಲ.

ನಾನು ಇಷ್ಟು ವರ್ಷದಲ್ಲಿ ಕಂಡ ಗುರುತು ಒಂದಿದೆ. ಒಂದೇ ರಾತ್ರಿಯನ್ನು ಅದೇ ಮಾತಿನಲ್ಲಿ ಇಪ್ಪತ್ತು ಸಲ ಬರೆಯುತ್ತಿದ್ದರೆ ಅವರು ಅಲ್ಲೇ ಸಿಕ್ಕಿಹಾಕಿಕೊಂಡಿದ್ದಾರೆ, ಜೊತೆಗೆ ಒಬ್ಬರು ಬೇಕು. ಬರಹದಲ್ಲಿ “ಯಾಕಂದರೆ”, “ಈಗ ಗೊತ್ತಾಗ್ತಿದೆ” ಅಂತ ಬರಲು ಶುರುವಾದರೆ ನನಗೆ ಸಮಾಧಾನ.

ಸಿದ್ದಾಪುರದ ಅಪ್ಪ · 3:45

ತಿಳಿಯಿತು ತಂಗಿ. ಇನ್ನೊಂದು ಹೇಳಬೇಕು. ಹೋದ ವಾರ ಅವಳು ಸಂತೆಗೆ ಹೋದಾಗ ಆ ಪುಸ್ತಕ ತೆರೆದೆ. ಒಂದೂವರೆ ಪುಟ ಓದಿದೆ. ಅದರಲ್ಲಿ ನನ್ನ ಬಗ್ಗೆ ಇತ್ತು. ಮೊದಲನೆಯ ಸಲ ಅವಳು ತಿರುಗಿ ಬಂದಾಗ ನಾನೇ ಬಸ್ಸು ಹತ್ತಿಸಿ ವಾಪಸ್ ಕಳಿಸಿದ್ದೆ. ಅದು.

ಹಾಲಿನಲೆಕ್ಕ (ಶಿರಸಿ) · 4:30

ಅಪ್ಪಯ್ಯ ಅಂತಲೇ ಕರೆಯುತ್ತೇನೆ ನಿಮ್ಮನ್ನು. ಇನ್ನು ಓದಬೇಡಿ. ನನ್ನ ಅಪ್ಪಯ್ಯನೂ ಕಳಿಸಿದ್ದರು, ಒಂದಲ್ಲ ಎರಡು ಸಲ. ಆಯಿ ಪಾತ್ರೆ ತೊಳೆಯುತ್ತಾ ಬೆನ್ನು ಹಾಕಿ, “ಯಂಗೆ ಗೊತ್ತಿದ್ದು ಮಗಾ, ಸುಮ್ನಿರು” (ನನಗೆ ಗೊತ್ತಿದೆ, ಸುಮ್ಮನಿರು) ಅಂದಿದ್ದಳು. ಆ ಒಂದು ಮಾತನ್ನೇ ನಾನು ಎಷ್ಟು ಪುಟ ಬರೆದಿದ್ದೇನೋ. ನಿಮ್ಮ ಮಗಳು ಬರೆಯಲಿ, ನಿಮ್ಮ ಮೇಲಿನ ಸಿಟ್ಟನ್ನೂ ಬರೆಯಲಿ. ನೀವು ಓದುತ್ತೀರಿ ಅಂತ ಗೊತ್ತಾದರೆ ಅವಳು ನಿಮಗಾಗಿ ಬರೆಯಲು ಶುರುಮಾಡುತ್ತಾಳೆ, ಆಮೇಲೆ ನಿಜ ಬರುವುದಿಲ್ಲ. ಅವಳ ಹೊಟ್ಟೆಯೊಳಗೆ ಇರುವುದು ನಿಮಗೆ ಗೊತ್ತಾಗಬೇಕು ಅಂದರೆ ಪುಸ್ತಕ ತೆರೆಯುವುದಲ್ಲ, “ಆವತ್ತು ಕಳಿಸಬಾರದಿತ್ತು” ಅಂತ ನೀವೇ ಮೊದಲು ಹೇಳಿ. ನನ್ನ ಅಪ್ಪಯ್ಯ ಹೇಳದೇ ಹೋದರು.

ಗುಮಟೆ (ಅಂಕೋಲಾ) · ಸಂಜೆ 6:20

ಎಲ್ಲರೂ ಪುಸ್ತಕ ಅಂತಿದ್ದೀರಿ. ನನ್ನ ಅವ್ವನಿಗೆ ಅಕ್ಷರ ಬರ್ತಿರಲಿಲ್ಲ. ಅಪ್ಪ ಕುಡಿದು ಬಂದು ಹೊಡೆದ ಮರುದಿನ ಗದ್ದೆಯಲ್ಲಿ ನಟ್ಟಿ ಮಾಡ್ತಾ ಪದ ಹೇಳುವಳು. ಹಾಡಿನಲ್ಲಿ ಯಾವುದೋ ಊರಿನ ಯಾವುದೋ ಹೆಂಗಸು, ಗಂಡ ಹೊಡೆದ, ಬಾಗಿಲು ಹಾಕಿದ, ಅವಳು ಹೊಳೆ ದಂಡೆಗೆ ಬಂದಳು. ಹೆಸರು ಮಾತ್ರ ಬೇರೆ. ಜೊತೆಗೆ ನಟ್ಟಿ ಮಾಡುವ ಹತ್ತು ಹೆಂಗಸರೂ ಸೊಲ್ಲು ಎತ್ತುವರು. ಯಾರ ಕಥೆ ಅಂತ ಹತ್ತೂ ಜನಕ್ಕೆ ಗೊತ್ತು, ಒಬ್ಬರೂ ಕೇಳ್ತಿರಲಿಲ್ಲ. ನಮ್ಮ ತಾಲೂಕಿನ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು, ಹಾಲಕ್ಕಿ ಸಮುದಾಯದ ಪದಗಳಿಗೆ. ಅದೇ ಸುಕ್ರಜ್ಜಿ ಸಾರಾಯಿ ವಿರುದ್ಧ ಹೆಂಗಸರನ್ನು ಕಟ್ಟಿಕೊಂಡು ಹೋರಾಡಿದವರು. ಹಾಡೂ ಹೋರಾಟವೂ ಅವರಿಗೆ ಬೇರೆ ಬೇರೆ ಆಗಿರಲಿಲ್ಲ ಅಂತ ನನಗನ್ನಿಸುತ್ತದೆ.

ಅವ್ವ ತೀರಿಕೊಂಡ ಮೇಲೆ ಆ ಪದಗಳನ್ನು ಬರೆಯಲು ಕೂತೆ. ಅರ್ಧಕ್ಕಿಂತ ಹೆಚ್ಚು ನೆನಪಿಲ್ಲ. ಬರೆಯಲು ಬಾರದ ತಾಯಂದಿರು ನಿಮ್ಮ ಮನೆಯಲ್ಲಿದ್ದರೆ ಅವರು ಹಾಡುವಾಗ ಪಕ್ಕದಲ್ಲಿ ಕೂತುಕೊಳ್ಳಿ.

ಅಬ್ಬಲಿಗೆ (ಹೊನ್ನಾವರ) · 6:50

ಇನ್ನೊಬ್ಬಳ ಕಥೆ ಅಂತ ಹೇಳುವುದು. ಇದನ್ನು ನಾನು ಎಷ್ಟೋ ಜನರಿಗೆ ಹೇಳಿಕೊಟ್ಟಿದ್ದೇನೆ, “ನಾನು” ಅಂತ ಬರೆಯಲು ಕೈ ನಡುಗಿದರೆ “ಅವಳು” ಅಂತ ಬರೆ ಅಂತ. ನಿಮ್ಮ ಅವ್ವ ಅದನ್ನು ಗದ್ದೆಯಲ್ಲೇ ಕಲಿತಿದ್ದರು.

ಘಟ್ಟದಮೇಲೆ (ಯಲ್ಲಾಪುರ) · ರಾತ್ರಿ 10:35

ಇದು ಹೆಣ್ಣುಮಕ್ಕಳಿಗೆ ಮಾತ್ರವಾ? ನಾನು ಗಂಡಸು, ನಲವತ್ನಾಲ್ಕು ವರ್ಷ. ಮದುವೆಯಾಗಿದೆ, ಮಗಳಿದ್ದಾಳೆ. ಒಂಬತ್ತು ವರ್ಷದವನಿದ್ದಾಗ ನಮ್ಮ ಮನೆಗೆ ಬಂದು ಹೋಗುತ್ತಿದ್ದ ಒಬ್ಬ ಹಿರಿಯರಿಂದ ಆದದ್ದು. ಎಲ್ಲರೂ ಅವರ ಕಾಲಿಗೆ ಬೀಳುತ್ತಿದ್ದರು, ನನ್ನನ್ನೂ ಬೀಳಿಸುತ್ತಿದ್ದರು. ಯಾರಿಗೂ ಹೇಳಿಲ್ಲ. ಹೆಂಡತಿಗೂ ಇಲ್ಲ. ಇದನ್ನು ಬರೆಯಲು ಮೂರು ಸಲ ಅಳಿಸಿದೆ.

ನಿರ್ವಾಹಕಿ · 10:38

ಎಲ್ಲರಿಗೂ ಅಣ್ಣ. ನಿಮ್ಮನ್ನು ನಂಬುತ್ತೇವೆ.

ಹಾಲಿನಲೆಕ್ಕ (ಶಿರಸಿ) · 10:44

ಇದ್ದೇನೆ ಅಣ್ಣ, ಎಚ್ಚರ ಇದ್ದೇನೆ. ಅದು ನಿಮ್ಮ ತಪ್ಪಲ್ಲ.

ಅಬ್ಬಲಿಗೆ (ಹೊನ್ನಾವರ) · 10:58

ಒಂಬತ್ತು ವರ್ಷದ ಹುಡುಗ ಮೂವತ್ತೈದು ವರ್ಷ ಒಬ್ಬನೇ ಹೊತ್ತದ್ದನ್ನು ಇವತ್ತು ಐದು ಸಾಲಿನಲ್ಲಿ ಇಳಿಸಿದಿರಿ. ಇವತ್ತಿಗೆ ಇಷ್ಟು ಸಾಕು. ಮುಂದೆ ಬರೆಯಬೇಕು ಅನ್ನಿಸಿದರೆ ಆ ಘಟನೆಯಿಂದ ಶುರುಮಾಡಬೇಡಿ. ಆಗಿನ ನಿಮ್ಮ ಮನೆ ಹೇಗಿತ್ತು, ಶಾಲೆಗೆ ಯಾವ ದಾರಿಯಲ್ಲಿ ಹೋಗುತ್ತಿದ್ದಿರಿ, ಯಾರ ಜೊತೆ ಆಡುತ್ತಿದ್ದಿರಿ, ಅಲ್ಲಿಂದ ಶುರುಮಾಡಿ. ಆ ಹುಡುಗನಿಗೆ ಅದೊಂದೇ ಆದದ್ದಲ್ಲ, ಬೇರೆ ಬದುಕೂ ಇತ್ತು. ಎದೆ ಹೊಡೆದುಕೊಂಡರೆ, ಕೈ ತಣ್ಣಗಾದರೆ ನಿಲ್ಲಿಸಿ, ಪಾದ ನೆಲಕ್ಕೆ ಊರಿ, ಕೋಣೆಯಲ್ಲಿ ಕಾಣುವ ಐದು ವಸ್ತುವಿನ ಹೆಸರು ಗಟ್ಟಿಯಾಗಿ ಹೇಳಿ. ರಾತ್ರಿ ಕಷ್ಟವಾದರೆ 14416. ಮತ್ತೆ, ಮುಂದಿನ ತಿಂಗಳೊಳಗೆ ಒಬ್ಬ ಮನಶ್ಶಾಸ್ತ್ರಜ್ಞರನ್ನು ನೋಡಿ ಅಣ್ಣ. ಇದು ನನ್ನ ಬೇಡಿಕೆ.

ಕಾಳಿತೀರ (ಕಾರವಾರ) · ಸೋಮವಾರ, ಬೆಳಿಗ್ಗೆ 7:30

ಆ ವ್ಯಕ್ತಿ ಇನ್ನೂ ಇದ್ದು, ಮಕ್ಕಳಿರುವ ಮನೆಗಳಿಗೆ ಹೋಗಿಬರುತ್ತಿದ್ದರೆ ಅದು ಬೇರೆ ಮಾತು. ಈಗ ಯಾವ ಮಗುವಿಗಾದರೂ ತೊಂದರೆ ಇದೆ ಅನ್ನಿಸಿದರೆ 1098ಕ್ಕೆ ತಿಳಿಸಿ. ನಿಮ್ಮ ಕಥೆ ಬಿಚ್ಚುವುದು ಬಿಡುವುದು ನಿಮಗೆ ಬಿಟ್ಟದ್ದು.

ಸಿದ್ದಾಪುರದ ಅಪ್ಪ · ಬುಧವಾರ, ಸಂಜೆ 5:15

ಪೇಟೆಯಿಂದ ಬೀಗ ಇರುವ ಒಂದು ಸಣ್ಣ ತಗಡಿನ ಪೆಟ್ಟಿಗೆ ತಂದು ಮಗಳಿಗೆ ಕೊಟ್ಟೆ. ಎರಡು ಕೀಲಿ ಇದ್ದವು, ಎರಡನ್ನೂ ಕೊಟ್ಟೆ. “ನಿನ್ನ ಪುಸ್ತಕ ಒಮ್ಮೆ ತೆರೆದಿದ್ದೆ, ತಪ್ಪಾಯ್ತು. ಆವತ್ತು ವಾಪಸ್ ಕಳಿಸಿದ್ದೂ ತಪ್ಪಾಯ್ತು” ಎಂದೆ. ಅವಳು ಏನೂ ಹೇಳಲಿಲ್ಲ. ನಿನ್ನೆ ಇಡೀ ದಿನ ನನ್ನ ಜೊತೆ ಮಾತಾಡಲಿಲ್ಲ. ಇವತ್ತು ಚಹಾ ತಂದುಕೊಟ್ಟಳು.

ಹಾಲಿನಲೆಕ್ಕ (ಶಿರಸಿ) · ಭಾನುವಾರ, ಬೆಳಿಗ್ಗೆ 5:40

ಒಂದು ವಾರ ಆಯ್ತು. ಕಾಳಿತೀರ ಅಕ್ಕ ಹೇಳಿದ ಹಾಗೆ ಮಗನ ಹಳೇ ಪುಸ್ತಕಗಳ ಬೈಂಡು ಬಿಚ್ಚಿದೆ. ಹನ್ನೆರಡು ತಿಂಗಳಲ್ಲಿ ಹತ್ತು ಸಿಕ್ಕಿದವು. ಏಪ್ರಿಲ್ ಮತ್ತು ಸೆಪ್ಟೆಂಬರ್ ಇಲ್ಲ. ಮಡಿಕೆಯಲ್ಲಿ ಕೆಲವು ಅಂಕಿ ಅಳಿಸಿವೆ, ಆದರೆ ಸೊನ್ನೆಗಳು ಕಾಣುತ್ತವೆ. ಮಗ ಪಕ್ಕದಲ್ಲಿ ಕೂತು ಹಾಳೆಗಳನ್ನು ನೆಟ್ಟಗೆ ಮಾಡಿಕೊಟ್ಟ. “ಇದೇನು ಆಯಿ” ಅಂತ ಒಂದು ಗೆರೆ ತೋರಿಸಿದ. “ಲೆಕ್ಕ” ಅಂದೆ. ಒಂದು ದಿನ ಹೇಳುತ್ತೇನೆ, ಈಗಲ್ಲ. ಹಾಳೆಗಳ ಜೆರಾಕ್ಸ್ ಮಾಡಿಸಿ ವಕೀಲರಿಗೆ ಕೊಟ್ಟೆ, ಮೂಲ ನನ್ನ ಹತ್ತಿರ ಇದೆ. ಈ ಸಲ ಬಾಯಿ ಕಟ್ಟಲಿಲ್ಲ.

ರಾತ್ರಿ ಪುಸ್ತಕವನ್ನು ಸುಡಲಿಲ್ಲ. ಬೂಷ್ಟು ಒರೆಸಿ, ಬಿಸಿಲಿಲ್ಲದ ಕಾರಣ ಒಲೆಯ ಹತ್ತಿರ ಎರಡು ದಿನ ಇಟ್ಟು ಒಣಗಿಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕುಮಟಾದಲ್ಲಿರುವ ಅಕ್ಕನ ಮನೆಯ ಕಪಾಟಿಗೆ ಕಳಿಸಿದೆ. ನಾನು ಕೇಳುವ ತನಕ ಅವಳು ಬಿಚ್ಚುವುದಿಲ್ಲ. ಕೋಣೆಯಲ್ಲಿ ಅದಿಲ್ಲ ಅಂತ ಆದ ಮೇಲೆ ನಿದ್ದೆ ಸ್ವಲ್ಪ ವಾಸಿ.

ಭಟ್ಕಳದ ತಂಗಿ, ನೀನು ಇದನ್ನು ಓದಿದರೆ ಏನೂ ಬರೆಯಬೇಡ. ಓದಿ ಅಳಿಸು.

ಘಟ್ಟದಮೇಲೆ (ಯಲ್ಲಾಪುರ) · ರಾತ್ರಿ 9:25

ಇವತ್ತು ಬರೆದೆ. ನಮ್ಮ ಹಳೇ ಮನೆ ಅಂಗಳ, ಪೇರಲೆ ಮರ, ಶಾಲೆಗೆ ಹೋಗುವ ದಾರಿಯ ಸಂಕ (ಕಾಲುಸೇತುವೆ). ಸಂಕದ ತನಕ ಬಂದು ಕೈ ತಣ್ಣಗಾಯ್ತು, ನಿಲ್ಲಿಸಿದೆ. ಎಂಟು ನಿಮಿಷ ಆಗಿತ್ತು. ಆಮೇಲೆ ಮಗಳಿಗೆ ಭಿನ್ನರಾಶಿ ಹೇಳಿಕೊಟ್ಟೆ. ಗುರುವಾರ ಹುಬ್ಬಳ್ಳಿಯಲ್ಲಿ ಡಾಕ್ಟರ ಸಮಯ ಸಿಕ್ಕಿದೆ. ಹೆಂಡತಿಗೆ ಬೆನ್ನು ನೋವು ಅಂತ ಹೇಳಿದ್ದೇನೆ.